ಆಚೆ ದಡದ ಕೂಗು

"ಎಲೆ ಅಲ್ಲೇ ಇಡ್ ಸುಧಾಕರ. ಅಪ್ಪನ್ ಕೊಂದ ಕೈಯಗೆ ಎಡೆ ಇಡೂಕ್ ಬಿಡುದಿಲ್ಲ," ಎಂದರು ಚಿಕ್ಕಪ್ಪ ಕೃಷ್ಣಯ್ಯ.

ದುಗ್ಗಪ್ಪನ ತಿಥಿ. ಪ್ರತಿ ವರ್ಷ ಎಡೆ ಇಡುತ್ತಿದ್ದ ಮಗನೇ ಈ ಸಲ ಅಂಗಳದಲ್ಲಿ ನಿಂತ. ಕಾರಣ, ಅವನೇ ಬರೆದ ಆತ್ಮಕಥೆ. 'ಇದರಲ್ಲಿ ನಿಜವೂ ಇದೆ, ಕಲ್ಪನೆಯೂ ಇದೆ' ಎಂದು ಮೊದಲ ಪುಟದಲ್ಲೇ ಹೇಳಿಕೊಂಡಿದ್ದ. ಸರಿ, ಯಾವುದು ಯಾವುದೆಂದು ಊರೇ ಪಾಲು ಮಾಡಿತು. ಅಪ್ಪ ಸತ್ತ ವರ್ಷ ಅವನು ಬೀಜಾಡಿಯ ಅಜ್ಜಿ ಮನೆಯಲ್ಲಿ ಇಡೀ ಮಳೆಗಾಲ ಜ್ವರ ಹಿಡಿದು ಮಲಗಿದ್ದು ಕಟ್ಟುಕಥೆ. ಅಮ್ಮ ವನಜ ಹೊಳೆಯ ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡದ್ದು ನಿಜ. ಕೊನೆಯ ಅಧ್ಯಾಯವಂತೂ ಅಪ್ಪಟ ನಿಜ. ಆಗ ಮುಂಬೈ ಹೋಟೆಲಿನಲ್ಲಿದ್ದ ಕೃಷ್ಣಯ್ಯನವರೂ ಹಾಗೇ ಎಂದರು.

ಮರವಂತೆಯ ಈ ಕುದ್ರು ಹೊಳೆ ನಡುವಿನ ತುಂಡು ನೆಲ. ಆಗ ಸೇತುವೆ ಇರಲಿಲ್ಲ. ಆಚೆ ದಡದಿಂದ ಕೂ ಎಂದು ಕೂಗಿದರೆ ಮನೆಯವರು ದೋಣಿ ಒಯ್ಯಬೇಕು. ಹಗೆಯವನಾದರೂ ಸರಿ, ಕೂಗು ಕೇಳಿಯೂ ಕೂತರೆ ಅದಕ್ಕಿಂತ ದೊಡ್ಡ ಪಾಪವಿಲ್ಲ. ಆ ಸಂಜೆ ದುಗ್ಗಪ್ಪ ಕೂಗಿ ಕೂಗಿ ಸೋತು, ತುಂಬಿದ ಹೊಳೆಗೆ ಇಳಿದು ಮುಳುಗಿದ. ಈಚೆ ಮೆಟ್ಟಿಲಲ್ಲಿ ಯಾರೋ ಕೂತಿದ್ದರೆಂಬ ಗುಸುಗುಸು ಊರಲ್ಲಿ ಸಾಯಲೇ ಇಲ್ಲ. 'ಕೂತವನು ನಾನು' ಎಂದು ಸುಧಾಕರ ಬರೆದ. ಇನ್ನೇನು ಬೇಕು ಊರಿಗೆ.

ವನಜ ಮಗನ ಪಕ್ಕಕ್ಕೆ ಬಂದಳು.

"ನಿನ್ ಪುಸ್ತಕದಗೆ ಏಡಿ ಹಿಡೂದ್ ಓದಿ ನೆಗ್ಯಾಡ್ದೆ. ಅಪ್ಪನ್ನ ದೇವ್ರ್ ಮಾಡಿದ್ದಕ್ಕೆ ಸಿಟ್ ಬಂತ್. ನನ್ ಕೈ ಜಾರಿ ಮುರ್ದದ್ದಾ? ಮುರ್ದದ್ದ್ ಯಾರ್ ಅಂದೇಳಿ ನಿಂಗ್ ಗೊತ್ತಿಲ್ಯಾ? ಹೋಯ್ಲಿ. ಆ ಕಡೀ ಪುಟ ಎಂತಕ್ ಬರ್ದೆ ಮಗಾ?"

"ಯಾರಾದ್ರೂ ಒಬ್ರ್ ಒಪ್ಕಣ್ಕಲ್ದಾ ಅಮ್ಮ."

"ಸುಳ್ಳ್ ಅಂದೇಳಿ ಹೇಳ್ ಇವ್ರಿಗೆ."

ಸುಧಾಕರ ಎಲೆಯನ್ನು ಜಗಲಿಯ ಮೇಲಿಟ್ಟ.

ಹೆತ್ತ ಕರುಳು, ಮಗನನ್ನು ಬಿಟ್ಟುಕೊಟ್ಟೀತೇ ಎಂದು ನೆಂಟರು ಗೊಣಗಿದರು. ಪಾಪ ಎಂದವರೂ ಇದ್ದರು. ಕೃಷ್ಣಯ್ಯ ಎಲೆಗೆ ಕೈ ಹಾಕಿದರು. ವನಜ ಬಿಡಲಿಲ್ಲ. ಸೊಟ್ಟ ಕೂಡಿಕೊಂಡ ಎಡಗೈಯಲ್ಲೇ ಎಲೆ ಕಿತ್ತುಕೊಂಡು ಮಗನ ಕೈಗಿಟ್ಟಳು.

"ಎಡೆ ಇವ್ನೇ ಇಡ್ಲಿ ಕೃಷ್ಣಯ್ಯ. ಆವತ್ತ್ ಇವ ಬೀಜಾಡ್ಯಗೆ ಜ್ವರದಗಿದ್ದ. ಕೂಗ್ ಕೇಂಡೂ ಮೆಟ್ಲಗೆ ಕೂತದ್ದ್ ನಾನ್."