ಪಂಡಿತರ ಇಪ್ಪತ್ತು ನಿಮಿಷ

ಕೆಂಪು ದೀಪ ಹತ್ತಿತು, ಸ್ಟುಡಿಯೋದ ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು. ಇನ್ನು ಇಪ್ಪತ್ತು ನಿಮಿಷ, ತಲೆಯ ಮೇಲೆ ತಲೆ ಬಿದ್ದರೂ ಯಾರೂ ಆಚೆ ಹೋಗುವಂತಿಲ್ಲ. ರೇಡಿಯೋ ನಿರೂಪಕಿಯ ಮುಂದೆ ಏಳು ಪ್ರಶ್ನೆಗಳ ಹಾಳೆ ಇತ್ತು, ಏಳಕ್ಕೂ ಇಲಾಖೆಯ ಮೊಹರು. ಎಂಟನೆಯದು ಅವಳ ಮನಸ್ಸಿನಲ್ಲೇ ಇತ್ತು: ನದಿಯಾಚೆಯ ಜನ ಊರು ಬಿಡಬೇಕೇ? ಕೇಳಿದರೆ ಇವಳಿಗೆ ಜೈಲು. ಕೇಳದಿದ್ದರೆ ಅಕ್ಕನ ಗತಿ ದೇವರೇ ಬಲ್ಲ.

ಅಕ್ಕ ಇದ್ದದ್ದು ನದಿಯಾಚೆಯ ಪೇಟೆಯಲ್ಲಿ, ಇಬ್ಬರು ಮಕ್ಕಳ ಜೊತೆ. ಈಚೆ ಬರಲು ಇದ್ದದ್ದು ಒಂದೇ ಸೇತುವೆ. ಎರಡು ದೇಶಗಳ ಮಾತುಕತೆ ಮುರಿದು ಮೂರು ದಿನವಾಗಿತ್ತು. 'ಯುದ್ಧವಿಲ್ಲ, ಯಾರೂ ಜಾಗ ಬಿಟ್ಟು ಕದಲಬೇಡಿ' ಎಂದು ಸರ್ಕಾರ ದಿನಕ್ಕೆ ಹತ್ತು ಸಲ ಸಾರುತ್ತಿತ್ತು. ಆ ಕಡೆಯ ಫೋನುಗಳೆಲ್ಲ ಸತ್ತಿದ್ದವು. ಆದರೆ ತಂಗಿಯ ದನಿ ಕೇಳಲೆಂದೇ ಅಕ್ಕ ಈ ಕಾರ್ಯಕ್ರಮವನ್ನು ಒಂದು ವಾರವೂ ತಪ್ಪಿಸಿದವಳಲ್ಲ.

ಗಾಜಿನ ಆಚೆ ಇಲಾಖೆಯ ಸಾಹೇಬ ಕುಳಿತಿದ್ದ. ಇಲ್ಲಿಯವರು ಬಾಯಿ ತಪ್ಪಿದರೆ ಗುಂಡಿ ಒತ್ತಿ ಮಾತು ನಿಲ್ಲಿಸಿ, ವಾದ್ಯಸಂಗೀತ ಹಾಕಿಸುವುದು ಅವನ ಕೆಲಸ. ವಿದೇಶಿ ಅತಿಥಿಯ ಮಾತಾದರೆ ಮಾತ್ರ ಮೊದಲು ಮೇಲಿನವರಿಗೆ ಫೋನ್ ಮಾಡಿ ಅಪ್ಪಣೆ ಪಡೆಯಬೇಕು. ಹಿಂದೊಮ್ಮೆ ಯಾರೋ ರಾಯಭಾರಿಯ ಮಾತು ನಿಲ್ಲಿಸಿ ಮಾನ ಹರಾಜಾದ ಮೇಲೆ ಬಂದ ನಿಯಮ ಅದು.

ಇವತ್ತಿನ ಅತಿಥಿ ದೂರದೇಶದ ಪಂಡಿತರು, ಗಡಿಜಗಳಗಳ ಮೇಲೆ ಹನ್ನೆರಡು ಪುಸ್ತಕ ಬರೆದವರು, ತಮ್ಮ ಊರಿನಿಂದಲೇ ಫೋನಿನಲ್ಲಿ ಮಾತಾಡುವವರು. ಅವರ ಭಾಷೆ ಬಲ್ಲವರು ಇಡೀ ಕಟ್ಟಡದಲ್ಲಿ ಒಬ್ಬರೇ, ಅವಳ ಪಕ್ಕದಲ್ಲಿ ಕುಳಿತ ಅನುವಾದಕರು. ಹಿಂದೆ ಪಾಠ ಹೇಳುತ್ತಿದ್ದವರಾದ್ದರಿಂದ ಎಲ್ಲರಿಗೂ ಮೇಷ್ಟ್ರು. ಬೆಳಿಗ್ಗೆ ಕ್ಯಾಂಟೀನಿನಲ್ಲಿ ಅವಳು ಅಕ್ಕನನ್ನು ನೆನೆದು ಅತ್ತಾಗ, ಟೀ ತಣ್ಣಗಾಗುವವರೆಗೂ ಕೇಳಿಸಿಕೊಂಡವರು ಅವರೇ.

ಮೊದಲ ಪ್ರಶ್ನೆಯನ್ನು ಮೇಷ್ಟ್ರು ಆ ಭಾಷೆಗೆ ತಿರುಗಿಸಿ ಕಳಿಸಿದರು. ಪಂಡಿತರು ಚುಟುಕಾಗಿ ಏನೋ ಅಂದರು. ಮೇಷ್ಟ್ರು ಅವಳ ಕಡೆ ಒಮ್ಮೆ ನೋಡಿದರು. ರೂಢಿಯಂತೆ ಪಂಡಿತರ ದನಿ ತಗ್ಗಿತು, ಅದರ ಮೇಲೆ ಮೇಷ್ಟ್ರ ದನಿ ಎದ್ದಿತು. ಎರಡು ನಿಮಿಷ, ನಿಧಾನವಾಗಿ, ಒಪ್ಪವಾಗಿ ಹೇಳಿದರು.

ನಾಲ್ಕನೆಯ ಪ್ರಶ್ನೆಯಾದ ಮೇಲೆ ಸಂಗೀತದ ಬಿಡುವು. ಸಾಹೇಬನ ದನಿ ಸ್ಪೀಕರಿನಲ್ಲಿ ಬಂತು. "ಏನ್ರೀ ಮೇಷ್ಟ್ರೇ, ಅವರು ಹೇಳಿದ್ದು ಮೂರು ಮಾತು, ನೀವು ಹೇಳಿದ್ದು ಮೂವತ್ತು!"

"ಆ ಭಾಷೆನೇ ಹಾಗೆ ಸಾರ್. ಸಾಸಿವೆ ಒಳಗೆ ಸಾಗರ ಇಟ್ಟಿರ್ತಾರೆ."

"ಮತ್ತೆ ಆ ಪಾಟಿ ಕೂಗಾಡೋದು ಯಾಕೆ?"

"ಯುದ್ಧ ಅಂದ್ರೆ ಅವರಿಗೆ ರಕ್ತ ಬಿಸಿಯಾಗುತ್ತೆ. ಇಪ್ಪತ್ತು ವರ್ಷದಿಂದ ಅವರನ್ನ ಓದ್ತಿದ್ದೀನಿ ಸಾರ್. ಅವರು ಬಾಯಿ ಬಿಡೋ ಮೊದಲೇ ನನಗೆ ಗೊತ್ತಾಗಿಬಿಡುತ್ತೆ."

"ಲೈನು ಬೇರೆ ಗೊರಗೊರ ಅಂತಿದೆ," ಎಂದು ಸಾಹೇಬನ ಪಕ್ಕದ ತಂತ್ರಜ್ಞ ಗೊಣಗಿದ.

"ಅವರು ಹೇಳೋದೆಲ್ಲ ನನಗೆ ಸ್ಪಷ್ಟವಾಗಿ ಕೇಳಿಸ್ತಿದೆಯಪ್ಪ. ಲೈನು ಮುಟ್ಟಬೇಡ."

ಏಳನೆಯ ಪ್ರಶ್ನೆ ಬಂತು, ಗೋಧಿ ವ್ಯಾಪಾರದ್ದು. ಹಾಳಾದ ಗೋಧಿ! ಓದಿ ಮುಗಿಸಿ ಅವಳು ಹಾಳೆಯನ್ನು ಮಗುಚಿಟ್ಟಳು. ಪಂಡಿತರು ಈ ಸಲ ಅಬ್ಬರಿಸಿಯೇಬಿಟ್ಟರು. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗೋಧಿಯ ಮಾತು ಆಮೇಲಾಯಿತು. ರಾಯಭಾರಿಗಳು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ ಮೇಲೆ ಯುದ್ಧ ತಪ್ಪಿದ್ದನ್ನು ನಾನು ಕಂಡಿಲ್ಲ. ಮೊದಲು ಬೀಳುವುದು ಸೇತುವೆ. ನದಿಯಾಚೆ ನನಗೊಬ್ಬ ಮಗಳಿದ್ದಿದ್ದರೆ, ಮಕ್ಕಳನ್ನು ಎತ್ತಿಕೊಂಡು ದಾಟಿ ಬಾ ಎನ್ನುತ್ತಿದ್ದೆ. ನಾಳೆಯಲ್ಲ, ಇವತ್ತೇ."

ಸಾಹೇಬ ಗುಂಡಿ ಬಿಟ್ಟು ಫೋನಿಗೆ ಹಾರಿದ. ಮೇಲಿನವರ ಲೈನಿಗೆ ಬಿಡುವಿರಲಿಲ್ಲ. ಅಪ್ಪಣೆ ಸಿಗುವಷ್ಟರಲ್ಲಿ ಕಾರ್ಯಕ್ರಮವೇ ಮುಗಿದಿತ್ತು.

ಅಕ್ಕ ಅಂದೇ ಸಂಜೆ ಸೇತುವೆ ದಾಟಿದಳು, ಅವಳ ಹಿಂದೆ ಮುಂದೆ ನೂರಾರು ಜನ. ಮೂರನೆಯ ದಿನ ಸೇತುವೆ ಬಿತ್ತು. ನಾಲ್ಕನೆಯ ದಿನ ಮೇಷ್ಟ್ರನ್ನು ಹಿಡಿದುಕೊಂಡು ಹೋದರು. ನೇರಪ್ರಸಾರವಾದ್ದರಿಂದ ಧ್ವನಿಮುದ್ರಣ ಇರಲಿಲ್ಲ. ಮಾತು ಪಂಡಿತರದೇ ಎಂದಾದರೆ ಬಿಡುಗಡೆ, ಮೇಷ್ಟ್ರದೆಂದಾದರೆ ಏಳು ವರ್ಷ.

ಜೈಲಿನ ಕಂಬಿಯ ಈಚೆ ನಿಂತು ಅವಳು ಕುದಿದಳು. "ಯಾರೋ ಆಡಿದ ಮಾತಿಗೆ ನೀವ್ಯಾಕೆ ಮೇಷ್ಟ್ರೇ ಒಳಗಿರಬೇಕು? ಅವರ ರಾಯಭಾರ ಕಚೇರಿ ಮೂಲಕ ಪಂಡಿತರಿಗೇ ಕಾಗದ ಬರೆದಿದ್ದೀನಿ. ನಿಮ್ಮನ್ನ ಯಾಕೆ ಹಿಡಿದಿದ್ದಾರೆ ಅನ್ನೋದನ್ನೂ ಬರೆದಿದ್ದೀನಿ. ನಿಜ ಏನು ಅಂತ ಅವರೇ ಹೇಳಲಿ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಅಯ್ಯೋ, ಯಾಕಮ್ಮ ಬರೆದೆ?"

"ನಿಜ ಯಾವತ್ತಿದ್ರೂ ಹೊರಗೆ ಬಂದೇ ಬರುತ್ತೆ ಮೇಷ್ಟ್ರೇ."

"ಅದೇ ನನ್ನ ಹೆದರಿಕೆ ಕಣಮ್ಮ."

ಪಾಪ, ವಯಸ್ಸಾದ ಜೀವ, ಧೈರ್ಯ ಕುಗ್ಗಿದೆ ಎಂದುಕೊಂಡು ಅವಳು ಕಣ್ಣೊರೆಸಿಕೊಂಡಳು.

ಐದು ವಾರದ ಮೇಲೆ ರಾಯಭಾರ ಕಚೇರಿಯಿಂದ ಮೊಹರು ಹಾಕಿದ ಉತ್ತರ ಬಂತು. "ಅಂದು ಪ್ರಸಾರವಾದ ಮಾತೆಲ್ಲ ನನ್ನದೇ. ಅನುವಾದಕರು ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ." ಮರುದಿನ ಮಧ್ಯಾಹ್ನ ಮೇಷ್ಟ್ರು ಹೊರಗೆ ಬಂದರು. ಯಾಕೆ ಬಿಟ್ಟರೆಂದು ತಿಳಿಯದವರಂತೆ ಬಾಗಿಲಲ್ಲೇ ನಿಂತರು. ಅಕ್ಕ ಅವರ ಕಾಲಿಗೆ ಬಿದ್ದಳು. ತಂಗಿ ಉತ್ತರದ ಸಂಗತಿ ಹೇಳಿ, ಅದರ ಜೊತೆ ಬಂದ ಪುಟ್ಟ ಲಕೋಟೆಯನ್ನು ಕೊಟ್ಟಳು. ಅದು ಅನುವಾದಕರಿಗೆ ಮಾತ್ರ ಎಂದು ಕಚೇರಿಯವರು ಹೇಳಿದ್ದರು.

ಮೇಷ್ಟ್ರು ಒಡೆದು ಓದಿದರು. ಮೆಟ್ಟಿಲ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಏನಂತೆ ಮೇಷ್ಟ್ರೇ?"

"ಈ ಸಲ ಇದ್ದದ್ದು ಇದ್ದ ಹಾಗೇ ಹೇಳ್ತೀನಿ, ಕೇಳು," ಎಂದು ಓದಿದರು:

"ಅಂದು ನನಗೆ ನಿಮ್ಮ ಕಡೆಯ ಒಂದು ಪ್ರಶ್ನೆಯೂ ಕೇಳಿಸಲಿಲ್ಲ. ಇಪ್ಪತ್ತು ನಿಮಿಷವೂ 'ಯಾರಾದರೂ ಇದ್ದೀರಾ, ನನ್ನ ದನಿ ಕೇಳಿಸುತ್ತಿದೆಯಾ' ಎಂದು ಕೂಗುತ್ತಲೇ ಇದ್ದೆ. ನಾನು ಏನು ಹೇಳಿದೆನೆಂದು ದಯವಿಟ್ಟು ತಿಳಿಸಿ."