ಮಡಚುವ ಕೈ

ಮಗಳು ಮಂಚದ ಅಂಚಿಗೆ ಮೊಬೈಲ್ ಸ್ಟ್ಯಾಂಡ್ ಸಿಕ್ಕಿಸಿದಾಗಲೆಲ್ಲ, ಆ ಕ್ಲಿಪ್ಪಿನ ಸದ್ದಿಗೆ ದಾವಣಗೆರೆಯ ಈ ಮನೆಯಲ್ಲೂ ನನ್ನ ಮೂಗಿಗೆ ಸಿಗರೇಟಿನ ಹೊಗೆ ಬಡಿಯುತ್ತದೆ.

ಆಗ ನಾವು ಹರಿಹರದಲ್ಲಿದ್ದೆವು. ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಯಂತ್ರಕ್ಕೆ ಸಿಕ್ಕಿ ಅಪ್ಪ ಎರಡೂ ಅಂಗೈ ಕಳೆದುಕೊಂಡಿದ್ದ. ಆಸ್ಪತ್ರೆಯಿಂದ ಬಂದವನು ಅನ್ನ ಕೇಳಲಿಲ್ಲ, ಸಿಗರೇಟು ಕೇಳಿದ. ಅವನ ಜೊತೆ ಕೆಲಸಕ್ಕಿದ್ದ ಬಾಷಾ ಕಾಕಾ ಹಳೆಯ ಛತ್ರಿಯ ಕಡ್ಡಿಗೆ ಕ್ಲಿಪ್ ಬೆಸೆದು, ಸಿಗರೇಟು ಹಿಡಿಯಲೊಂದು ಮಡಚುವ ಕೈ ಮಾಡಿ ತಂದು ಮಂಚಕ್ಕೆ ಸಿಕ್ಕಿಸಿದ. ಅಮ್ಮ ಬೆಂಕಿಕಡ್ಡಿ ಗೀರಿದಳು.

ಒಂದು ದಮ್ಮು ಎಳೆಯುವ ಮುನ್ನವೇ ಭಾನುವಳ್ಳಿಯಿಂದ ಅಜ್ಜಿ ಬಂದಳು. ಅಪ್ಪ ತನ್ನ ತಾಯಿಯೆದುರು ಎಂದೂ ಸೇದಿದವನಲ್ಲ. ಬ್ಯಾಂಡೇಜು ಸುತ್ತಿದ ಮೊಂಡುಗೈಗಳಿಂದ ಆ ಕಡ್ಡಿಯನ್ನು ಮಡಚಲು ಒದ್ದಾಡಿದ. ಅದು ಮಡಚಿಕೊಳ್ಳಲಿಲ್ಲ. ಸಿಗರೇಟು ಅವನ ಬಾಯೆದುರೇ ಉರಿಯುತ್ತಿತ್ತು.

"ಮುಚ್ಚಿಡಬ್ಯಾಡಪ್ಪ. ಸೇದು, ನಾ ನೋಡಂಗಿಲ್ಲ," ಎಂದು ಅಜ್ಜಿ ಗೋಡೆಗೆ ಮುಖ ಮಾಡಿ ಕುಳಿತಳು.

ಅಪ್ಪ ಸೇದಲಿಲ್ಲ. ಬೂದಿ ಉದ್ದವಾಗಿ ಬಾಗಿ ಅವನ ಎದೆಯ ಮೇಲೆ ಬಿತ್ತು. ಒರೆಸಲು ಹೋದ ನನ್ನನ್ನು ಕಣ್ಣಿನಲ್ಲೇ ತಡೆದ.

"ಆತೇನಪ್ಪ?" ತಿರುಗದೆಯೇ ಅಜ್ಜಿ ಕೇಳಿದಳು.

"ಹ್ಞೂಂ ಅವ್ವ, ಆತು," ಎಂದ.