ನಾಲ್ಕನೇ ಕಟ್ಟೆ

ಈಜುಕೊಳದ ಅಂಚಿನಲ್ಲಿ, ಸ್ಪರ್ಧಿಗಳು ನೀರಿಗೆ ಹಾರುವ ನಾಲ್ಕನೇ ಕಟ್ಟೆಯ ಮೇಲೆ, ಅಕ್ಕನ ಹಳೇ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ನಿಂತಿದ್ದವಳು ತನ್ನ ಚಿನಕುರುಳಿ ಎಂದು ಗ್ಯಾಲರಿಯ ಮೆಟ್ಟಿಲ ಮೇಲೆ ಕೂತಿದ್ದ ತಾಯಿಗೆ ಈಗಷ್ಟೇ ಗೊತ್ತಾಯಿತು. ನಾಲ್ಕು ವರ್ಷದ ಆ ಮಗುವಿಗೆ ಈಜೇ ಬರುತ್ತಿರಲಿಲ್ಲ. ಕೋಚ್ ಬಾಯಿಗೆ ಸೀಟಿ ಆಗಲೇ ಹೋಗಿತ್ತು.

ತಪ್ಪು ತನ್ನದೇ. ಬೆಳಿಗ್ಗೆ ದೊಡ್ಡವಳ ತೋಳಿನ ಮೇಲೆ ಸ್ಪರ್ಧೆಯ ನಂಬರು ಬರೆಯುವಾಗ, "ನಂಗೂ ಬರಿ" ಎಂದು ರಚ್ಚೆ ಹಿಡಿದ ಚಿಕ್ಕವಳ ಬಾಯಿ ಮುಚ್ಚಿಸಲು ಅವಳ ತೋಳಿಗೂ ಒಂದು '4' ಗೀಚಿದ್ದಳು. ಪುಟಾಣಿಗಳನ್ನು ಸಾಲು ನಿಲ್ಲಿಸುತ್ತಿದ್ದ ಯಾರೋ ಪುಣ್ಯಾತ್ಮರು ಆ ನಂಬರು ನೋಡಿ ಅವಳನ್ನೂ ಹತ್ತಿಸಿಬಿಟ್ಟಿದ್ದರು.

"ನಿಲ್ಸಿ! ಅವಳಿಗೆ ಈಜು ಬರಲ್ಲ!" ಮಡಿಲಲ್ಲಿದ್ದ ಟವೆಲ್ಲು, ಬಾಟಲಿಗಳನ್ನೆಲ್ಲ ಚೆಲ್ಲಿ ತಾಯಿ ಮೆಟ್ಟಿಲಿಳಿದು ಓಡಿದಳು. ಸೀಟಿಯ ಸದ್ದು ಅವಳ ಕೂಗನ್ನು ನುಂಗಿಹಾಕಿತು. ದುಡುಂ ದುಡುಂ ಎಂದು ಮಕ್ಕಳು ಹಾರಿದರು. ನೀರೆಲ್ಲ ನೊರೆ, ಯಾವ ತಲೆ ಯಾರದೆಂದು ತಿಳಿಯಲಿಲ್ಲ. ನಾಲ್ಕನೇ ಕಟ್ಟೆಯ ಕಡೆ ಕಣ್ಣೆತ್ತಲೂ ಅವಳಿಗೆ ಧೈರ್ಯವಾಗಲಿಲ್ಲ.

ಬೇಸಿಗೆ ರಜೆ ಪೂರ್ತಿ, ದೊಡ್ಡವಳ ಅಭ್ಯಾಸಕ್ಕೆಂದು ಇಲ್ಲಿಗೆ ಬಂದಾಗಲೆಲ್ಲ, "ನನ್ನ ಕೈ ಹಿಡ್ಕೊಳ್ದೆ ನೀರಿಗಿಳೀಬೇಡ" ಎಂದು ಚಿಕ್ಕವಳಿಗೆ ಹೇಳಿ ಹೇಳಿ ತಾಯಿಯ ಗಂಟಲು ಒಣಗಿತ್ತು. ಗೋಡೆಗೆ ಹೇಳಿದ ಹಾಗೆ ಎಂದುಕೊಂಡಿದ್ದಳು. ಕೊನೆಗೂ ಕಣ್ಣೆತ್ತಿದಾಗ ಹೋದ ಜೀವ ಬಂದ ಹಾಗಾಯಿತು. ಚಿನಕುರುಳಿ ಕಟ್ಟೆಯ ಮೇಲೇ ಇದ್ದಳು. ಒಂದು ಕೈಯನ್ನು ಹಿಂದಕ್ಕೆ ಚಾಚಿ, ಬೆರಳು ಆಡಿಸುತ್ತ, ಸಿಡಿಮಿಡಿಗೊಂಡು ನಿಂತಿದ್ದಳು.

"ಬೇಗ ಕೈ ಕೊಡಮ್ಮಾ, ಎಲ್ಲಾರೂ ಹೋಗೇಬಿಟ್ರು!"